ಕಂಡಕ್ಟರ್ ರೈಟಣ್ಣನ ಹೆಬ್ಬೆರಳು

ಬಸ್ಸು ನಿಂತರೂ ರೈಟಣ್ಣ ನಿಲ್ಲುವವನಲ್ಲ. ಮುಂದಿನ ಬಾಗಿಲಿನಿಂದ ಹಿಂದಿನದಕ್ಕೆ, ಹಿಂದಿನದರಿಂದ ಮುಂದಕ್ಕೆ, ಜನರ ನಡುವೆ ಸೊಂಟ ಓರೆ ಮಾಡಿಕೊಂಡು ನುಸುಳುತ್ತಲೇ ಇರುತ್ತಾನೆ. "ಮುಂದೆ ಹೋಗಿ, ಮುಂದೆ ಖಾಲಿ ಇದೆ" ಎನ್ನುತ್ತಾನೆ. ಮುಂದೆ ಖಾಲಿ ಇದ್ದದ್ದನ್ನು ನಾನಂತೂ ಹನ್ನೆರಡು ವರ್ಷದಲ್ಲಿ ಕಂಡಿಲ್ಲ. ಒಂದೇ ದಾರಿಯಲ್ಲಿ ಮೂವತ್ತೊಂದು ವರ್ಷ "ರೈಟ್ ರೈಟ್" ಎಂದು ಕೂಗಿ ಕೂಗಿ ಕಂಡಕ್ಟರಿಗೆ ಆ ಹೆಸರೇ ಅಂಟಿಕೊಂಡಿತು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿರಬಹುದು, ಅದು ನಮಗ್ಯಾರಿಗೂ ಬೇಕಾಗಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವಳು. ಅವನ ಬಾಯಲ್ಲಿ ಮಾತ್ರೆ ಅಕ್ಕ. ಬೆಳಿಗ್ಗೆ ಎಂಟಕ್ಕೆ ಹೋಗುವಾಗ, ಸಂಜೆ ಆರಕ್ಕೆ ಬರುವಾಗ, ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟು ನನ್ನದು. ದಿನವಿಡೀ ಕಿಟಕಿಯ ಆ ಕಡೆಯವರಿಗೆ "ಮಾಸ್ಕ್ ಮೂಗಿನ ಮೇಲೆ ಹಾಕ್ರೀ" ಎಂದು ಹೇಳಿ ಹೇಳಿ ನನ್ನ ಗಂಟಲೂ ಒಣಗಿತ್ತು, ಸ್ವಭಾವವೂ ಒಣಗಿತ್ತು. "ಒಂದೇ ನಿಮಿಷ ತೆಗ್ದೆ ಮೇಡಂ", "ಒಂದೇ ಸಲ ಹೋಗಿದ್ದೆ ಮೇಡಂ". ಈ ಒಂದೇ ಒಂದು ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೋಗ ಊರಿಗೆ ಬಂದಾಗ ಬಸ್ಸಿಗೂ ನಿಯಮ ಬಂತು. ಒಂದು ಬಿಟ್ಟು ಒಂದು ಸೀಟಿಗೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದರು. ಡ್ರೈವರ್ ತಲೆಯ ಮೇಲೆ ಪುಟ್ಟ ಸ್ಪೀಕರ್ ಕೂರಿಸಿದರು. ಅದರಲ್ಲಿ ಒಬ್ಬ ಹೆಂಗಸು ಜೇನಿನಂಥ ದನಿಯಲ್ಲಿ "ದಯವಿಟ್ಟು ಅಂತರ ಕಾಪಾಡಿ" ಎನ್ನುತ್ತಿದ್ದಳು. ಮೊದಲ ವಾರ ಎಲ್ಲರೂ ಕಿವಿಗೊಟ್ಟರು. ಎರಡನೇ ವಾರ ಅವಳನ್ನು ಅಣಕಿಸಿದರು. ಮೂರನೇ ವಾರಕ್ಕೆ ಇಂಜಿನ್ನಿನ ಸದ್ದಿನ ಜೊತೆ ಅವಳ ಸದ್ದೂ ಸೇರಿಹೋಯಿತು, ಯಾರಿಗೂ ಕೇಳಿಸಲಿಲ್ಲ.

ವಿಚಿತ್ರವೆಂದರೆ, ಗುರುತಿಲ್ಲದವರು ಹತ್ತಿದರೆ ಎಲ್ಲರ ಮಾಸ್ಕ್ ಮೇಲೇರುತ್ತಿತ್ತು, ಗುರುತಿನವರು ಹತ್ತಿದರೆ ಕೆಳಗಿಳಿಯುತ್ತಿತ್ತು. ನಮ್ಮವರ ಕೆಮ್ಮಿನಲ್ಲಿ ರೋಗ ಇರುವುದಿಲ್ಲ ಎಂದು ಇವರಿಗೆ ಯಾರು ಹೇಳಿಕೊಟ್ಟರೋ! ಮಾತಾಡಿಸಿದವರ ಮುಂದೆ ಮಾಸ್ಕ್ ಇಳಿಸದಿದ್ದರೆ ಸೊಕ್ಕು ಅಂದುಕೊಂಡಾರು ಎಂಬ ಅಂಜಿಕೆ ಬೇರೆ. ಸೊಪ್ಪು ಮಾರುವ ಅಜ್ಜಿ ಮಾಸ್ಕನ್ನು ಮೊಣಕೈಗೆ ತೂಗುಹಾಕಿಕೊಂಡು ಬುಟ್ಟಿ ಸಮೇತ ಹತ್ತುತ್ತಿದ್ದಳು. ರೈಟಣ್ಣ ಕೇಳಿದರೆ, "ತಂದಿದೀನಲ್ಲಪ್ಪಾ, ಇನ್ನೇನು ಮಾಡ್ಬೇಕು?" ಎಂದು ಅವನ ಮೇಲೇ ಎಗರುತ್ತಿದ್ದಳು. ನಾನೇನು ಸಾಚಾ ಅಲ್ಲ. ಫೋನ್ ಬಂದರೆ ಮೊದಲು ಮಾಸ್ಕ್ ಗಲ್ಲಕ್ಕಿಳಿಯುತ್ತಿತ್ತು, ಆಮೇಲೆ ಹಲೋ.

ಒಂದು ಬೆಳಿಗ್ಗೆ ಅವನು ಟಿಕೆಟ್ ಹರಿಯುವುದನ್ನೇ ನೋಡುತ್ತ ಕೂತಿದ್ದೆ. ನಮ್ಮ ದಾರಿಯ ಬಸ್ಸಿನಲ್ಲಿ ಇನ್ನೂ ತೆಳ್ಳನೆ ಕಾಗದದ ಟಿಕೆಟ್ ಕಟ್ಟು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಡಗೈಯ ಗೆಣ್ಣಿನಿಂದ ಮಾಸ್ಕ್ ಕೆಳಕ್ಕೆ, ಬಲಗೈಯ ಹೆಬ್ಬೆರಳು ನಾಲಿಗೆಗೆ, ಟಿಕೆಟ್ ಚರಕ್ಕನೆ ಕೈಗೆ, ಮಾಸ್ಕ್ ಮತ್ತೆ ಮೇಲಕ್ಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯಿತು. ಆಮೇಲೆ ಅದೇ ಬಾಯಲ್ಲಿ, "ಅಜ್ಜೀ, ಮಾಸ್ಕ್ ಹಾಕ್ಕೊಳ್ಳಿ!"

ಮನೆಯಲ್ಲಿ ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟದ ಜನ ನಾವು. ಎಂಜಲು ಎಂದರೆ ಮುಖ ಸಿಂಡರಿಸುತ್ತೇವೆ. ಹೀಗಿದ್ದೂ ಮೂವತ್ತೊಂದು ವರ್ಷ ಅವನ ಎಂಜಲನ್ನು ಕೈಯೊಡ್ಡಿ ಈಸಿಕೊಂಡಿದ್ದೇವೆ, ಕೆಲವರಂತೂ ಆ ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಿಲ್ಲರೆ ಹುಡುಕಿದ್ದಾರೆ.

ನನಗೆ ತಡೆಯಲಾಗಲಿಲ್ಲ. "ರೈಟಣ್ಣಾ, ಊರಿಗೆಲ್ಲ ಎಂಜಲು ಹಂಚ್ತಿದೀರಲ್ರೀ!"

"ಯಾರು, ನಾನಾ? ಸುಮ್ನಿರಿ ಅಕ್ಕಾ, ನಾನ್ಯಾಕೆ ಬೆರಳು ನೆಕ್ಕಲಿ?" ಎಂದವನೇ ಹಿಂದಿನ ಸೀಟಿನವರಿಗೆ ಟಿಕೆಟ್ ಹರಿಯಲು ಬೆರಳು ನೆಕ್ಕಿದ.

ಬಸ್ಸೆಲ್ಲ ಘೊಳ್ಳೆಂದು ನಕ್ಕಿತು. ಅವನು ಮಾತ್ರ ನಗಲಿಲ್ಲ. ತನ್ನ ಹೆಬ್ಬೆರಳನ್ನು ಯಾರೋ ಬೇರೆಯವರದೆಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಕಾರಣ ಸಂಜೆ ಗೊತ್ತಾಯಿತು. ಅವನ ಮಗಳು ಆಸ್ಪತ್ರೆಯಿಂದ ಮಗುವಿನ ಜೊತೆ ತವರಿಗೆ ಬಂದಿದ್ದಳು. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು, ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆ ಸೇರಿತ್ತು. ಅದರ ಶ್ವಾಸಕೋಶ ಇನ್ನೂ ಬಲಿತಿಲ್ಲ, ಒಂದು ನೆಗಡಿಯೂ ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ನಾನೂರು ಜನರ ಮಧ್ಯೆ ಓಡಾಡುವ ರೈಟಣ್ಣ ಹಜಾರದಲ್ಲಿ ಮಲಗುತ್ತಿದ್ದ, ಕೋಣೆಯ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡುತ್ತಿದ್ದ. ಒಂದು ಸಲವೂ ಎತ್ತಿಕೊಂಡಿರಲಿಲ್ಲ.

"ಮಗಳು ಒಂದೇ ಮಾತು ಹೇಳ್ತಾಳೆ ಅಕ್ಕಾ. ಸ್ನಾನ ಮಾಡ್ತೀರಿ, ಬಟ್ಟೆ ಬದಲಾಯಿಸ್ತೀರಿ, ಎಲ್ಲ ಸರಿ ಅಪ್ಪಾ, ಆದ್ರೆ ನಿಮ್ಮ ಬೆರಳನ್ನ ನಾನು ನಂಬಲ್ಲ ಅಂತಾಳೆ. ನನಗೆ ಸಿಟ್ಟು ಬಂದಿತ್ತು. ಅವಳು ಸುಮ್ನೆ ಹೇಳ್ತಾಳೆ ಅಂದ್ಕೊಂಡಿದ್ದೆ."

ಮಗಳ ಷರತ್ತು ಇಷ್ಟೇ. ಬೆರಳು ಏಳು ದಿನ ಒಂದು ಸಲವೂ ಬಾಯಿಗೆ ಹೋಗಬಾರದು. ಹೋದರೆ ಮತ್ತೆ ಮೊದಲಿನಿಂದ. ಲೆಕ್ಕ ಅಪ್ಪ ಇಡುವಂತಿಲ್ಲ, ಅವನಿಗೆ ಅದು ಗೊತ್ತೇ ಆಗುವುದಿಲ್ಲವಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ನಿಯಮ ಗೊತ್ತಿರುವವಳು ಎಂದು ಆ ಹುಡುಗಿ ನನ್ನನ್ನೇ ಸಾಕ್ಷಿ ಮಾಡಿದಳು. ಪ್ರತಿ ಸಂಜೆ ಬಸ್ಸಿಳಿಯುವಷ್ಟರಲ್ಲಿ ಅವಳ ಫೋನ್ ಬರುತ್ತಿತ್ತು: "ಆಂಟಿ, ಇವತ್ತು?"

ಮೊದಲ ದಿನ ಬೆಳಗಿನ ಟ್ರಿಪ್ಪೊಂದರಲ್ಲೇ ಮೂವತ್ತೆಂಟು ಸಲ. ಟಿಕೆಟ್ ಚೀಲಕ್ಕೆ ಒದ್ದೆ ಸ್ಪಂಜಿನ ಡಬ್ಬಿ ಕಟ್ಟಿಕೊಂಡ. ಬೆರಳು ಸ್ಪಂಜಿಗೂ ಒತ್ತಿ ಬರುತ್ತಿತ್ತು, ನಾಲಿಗೆಗೂ ಒತ್ತಿ ಬರುತ್ತಿತ್ತು. ಹೆಂಡತಿ ಹಾಗಲಕಾಯಿ ರಸ ಹಚ್ಚಿ ಕಳಿಸತೊಡಗಿದಳು. "ಬೆರಳು ಚೀಪೋ ಮಕ್ಕಳಿಗೆ ಹಚ್ಚೋದು. ಐವತ್ತಾರು ವರ್ಷದ ಮಗುಗೆ ಹಚ್ಚೋ ಕರ್ಮ ನನ್ನದು" ಎಂದಳಂತೆ. ಅವನಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಜೇಬಿಗೆ ತುರುಕುವನು, ತೆಗೆಯುವನು, ಕಂಬಿ ಹಿಡಿಯುವನು, ಬಿಡುವನು. ನೋಡಿ ನೋಡಿ ನನ್ನ ಕೈಯಲ್ಲೂ ಏನೋ ಹರಿದಾಡಿದಂತಾಗುತ್ತಿತ್ತು.

ಕೊನೆಗೆ ಅವನೇ ಒಂದು ಬೆಳಿಗ್ಗೆ ಬಸ್ಸಿನ ನಡುವೆ ನಿಂತು ಕೂಗಿದ. "ನೋಡ್ರಪ್ಪಾ, ನನ್ನ ಬೆರಳು ನನ್ನ ಮಾತು ಕೇಳ್ತಿಲ್ಲ. ಬಾಯಿಗೆ ಹೋದ್ರೆ ನೀವು ಕೂಗ್ರಿ. ಆದ್ರೆ ಮಾಸ್ಕ್ ಹಾಕಿದೋರಿಗೆ ಮಾತ್ರ ಕೂಗೋ ಹಕ್ಕು!"

ಮೊದಲು ಮಾಸ್ಕ್ ಮೂಗಿಗೇರಿಸಿದವಳು ಸೊಪ್ಪಿನಜ್ಜಿ. ಇನ್ನೊಬ್ಬರ ತಪ್ಪು ಹಿಡಿಯುವ ಇಂಥ ಅವಕಾಶವನ್ನು ಅವಳು ಬಿಡುವುದುಂಟೇ? ಬೆರಳು ಎದೆಯ ಮಟ್ಟಕ್ಕೆ ಬಂದರೆ ಸಾಕು, "ಬೆರಳೂ!" ಎಂದು ಕಿರುಚುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ಹಾರ್ನ್ ಹೊಡೆಯುತ್ತಿದ್ದ. ನಾನಿಲ್ಲದ ಮಧ್ಯಾಹ್ನದ ಟ್ರಿಪ್ಪುಗಳ ಲೆಕ್ಕವನ್ನೂ ಅವನೇ ಕೊಡುತ್ತಿದ್ದ. ಯಾರಾದರೂ ಮಾಸ್ಕ್ ಇಳಿಸಿ ಕೂಗಿದರೆ ರೈಟಣ್ಣ ಅವರ ಕಡೆ ತಿರುಗಿ "ಮಾಸ್ಕೂ!" ಎಂದು ಅಷ್ಟೇ ಜೋರಾಗಿ ಕೂಗುತ್ತಿದ್ದ. ಜೇನುದನಿಯ ಹೆಂಗಸಿನಿಂದ ಆಗದ್ದು ಈ ಗಲಾಟೆಯಿಂದ ಆಯಿತು. ಎರಡು ವಾರದಲ್ಲಿ ನಮ್ಮ ಬಸ್ಸಿನಲ್ಲಿ ಮೂಗು ಕಾಣಿಸುವುದೇ ಅಪರೂಪವಾಯಿತು.

ಏಳು ದಿನ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಮೂರನೇ ದಿನಕ್ಕೆ ಒಮ್ಮೆ ಮುರಿಯಿತು, ಎರಡನೇ ದಿನಕ್ಕೆ ಒಮ್ಮೆ, ಐದನೇ ದಿನಕ್ಕೆ ಒಮ್ಮೆ. ಫೋನಿನಲ್ಲಿ ಮಗಳಿಗೆ "ಇವತ್ತು ಹೋಯ್ತಮ್ಮ" ಎಂದಷ್ಟೇ ಹೇಳಿ ಬೇಗ ಫೋನ್ ಇಟ್ಟುಬಿಡುತ್ತಿದ್ದೆ. ಮಗು ದಿನದಿನಕ್ಕೆ ಬೆಳೆಯುತ್ತಿತ್ತು. ಅಜ್ಜನ ದನಿ ಕೇಳಿದರೆ ಬಾಗಿಲ ಕಡೆ ಕತ್ತು ತಿರುಗಿಸುತ್ತದೆ ಎಂದು ಅವನು ನೂರು ಸಲ ಹೇಳಿದ.

ಆಮೇಲೆ ಒಂದು ವಾರ ಬೆರಳು ಒಮ್ಮೆಯೂ ಮೇಲೇರಲಿಲ್ಲ. ಏಳನೇ ದಿನ ಸಂಜೆ ಬಸ್ಸಿನಲ್ಲಿ ಆರೇಳು ಜನ. ಅಜ್ಜಿ ಖಾಲಿ ಬುಟ್ಟಿ ಹೊತ್ತು ಇಳಿದುಹೋಗಿದ್ದಳು. ಡ್ರೈವರ್ ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಡುತ್ತಿದ್ದ. ರೈಟಣ್ಣನ ಕಾಲು ನೆಲದ ಮೇಲಿರಲಿಲ್ಲ. "ಇವತ್ತು ಎತ್ಕೊಳ್ತೀನಿ ಅಕ್ಕಾ" ಎಂದು ನಾಲ್ಕು ಸಲ ಹೇಳಿದ್ದ. ಆಗಷ್ಟೇ ಹತ್ತಿದ ಹೆಂಗಸಿಗೆ ಟಿಕೆಟ್ ಹರಿಯಲು ಹೋದವನ ಮಾಸ್ಕ್ ಕೆಳಗಿಳಿಯಿತು, ಬೆರಳು ನಾಲಿಗೆಗೆ ಹೋಯಿತು. ಅವನ ಮುಖ ಒಂದು ಕ್ಷಣ ಸೊಟ್ಟಗಾಯಿತು. ನಾನು ತಟ್ಟನೆ ಕಿಟಕಿಯ ಹೊರಗೆ ನೋಡಿದೆ.

ಕೂಗಲಿಲ್ಲ. ಕೂಗಬೇಕಿತ್ತು.

ಬಸ್ಸಿಳಿಯುತ್ತಿದ್ದಂತೆ ಫೋನ್ ಬಂತು. ಮಾಸ್ಕ್ ಗಲ್ಲಕ್ಕಿಳಿಸಿ ಹಲೋ ಎಂದೆ.

"ಆಂಟಿ, ಇವತ್ತು?"

ಎರಡು ತಿಂಗಳಿಂದ ಬಾಗಿಲಲ್ಲಿ ನಿಂತಿದ್ದಾನೆ ಪಾಪ. ಒಂದೇ ಒಂದು ಸಲ, ಅದೂ ಕೊನೆಯ ಟ್ರಿಪ್ಪಿನಲ್ಲಿ. "ಇಲ್ಲಮ್ಮ, ಒಂದು ಸಲವೂ ಇಲ್ಲ" ಎಂದೆ. ಆ ಹುಡುಗಿ ಸಂತೋಷಕ್ಕೆ ಅತ್ತೇಬಿಟ್ಟಳು. ಮನೆಗೆ ಹೋಗುವಾಗ ಪುಣ್ಯದ ಕೆಲಸ ಮಾಡಿದೆ ಎಂದುಕೊಂಡೆ. ರಾತ್ರಿ ಮಾತ್ರ ಅನ್ನ ಕಲಸಿಕೊಂಡು ಹಾಗೇ ಕೂತೆ.

ಮರುದಿನ ಬೆಳಿಗ್ಗೆ ಹತ್ತುತ್ತಲೇ ಕೇಳಿದೆ. "ಎತ್ಕೊಂಡ್ರಾ?"

"ಇಲ್ಲ" ಎಂದು ಟಿಕೆಟ್ ಕೊಟ್ಟ. ಬಸ್ಸು ಎರಡು ಸ್ಟಾಪ್ ದಾಟಿ ಜನ ಸ್ವಲ್ಪ ಕಡಿಮೆಯಾದ ಮೇಲೆ ನನ್ನ ಸೀಟಿನ ಕಂಬಿ ಹಿಡಿದು ನಿಂತ. "ಸ್ನಾನ ಮಾಡಿ ಬಂದೆ. ಮಗಳು ಮಗೂನ ಮುಂದೆ ಚಾಚಿದ್ಲು. ಆಂಟಿ ಹೇಳಿದ್ರು ಅಪ್ಪಾ, ಏಳು ದಿನ ಆಯ್ತು ಅಂದ್ಲು. ನನ್ನ ಬಾಯಲ್ಲಿ ಇನ್ನೂ ಹಾಗಲಕಾಯಿ ಕಹಿ ಇತ್ತು ಅಕ್ಕಾ. ನಾನೇ ಹೇಳ್ಬಿಟ್ಟೆ."

"ಒಂದೇ ಒಂದು ಸಲ ತಾನೇ ರೈಟಣ್ಣಾ!" ಎಂದೆ. ಅಂದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಡಿಯಿತು. ದಿನವೂ ಕಿಟಕಿಯ ಆ ಕಡೆಯಿಂದ ಬರುವ ಮಾತು.

ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನೀವು ನನ್ನ ಒಳ್ಳೇದಕ್ಕೇ ಹೇಳಿದ್ರಿ, ಗೊತ್ತು. ಈ ಬಸ್ಸಲ್ಲಿ ಮಾಸ್ಕ್ ಇಳಿಸಿ ಮಾತಾಡೋರೂ ಒಬ್ಬರಿಗೊಬ್ಬರು ಬೇಕಾದೋರೇ ಅಲ್ವಾ ಅಕ್ಕಾ?" ಎಂದ. "ಇನ್ನು ಮಗಳು ನಿಮಗೆ ಫೋನ್ ಮಾಡಲ್ಲ. ಲೆಕ್ಕ ಸೊಪ್ಪಿನಜ್ಜಿ ನೋಡ್ಕೊಳ್ತಾಳೆ" ಎಂದು ಸೇರಿಸಿ ಮುಂದೆ ಹೋದ.

ನನಗೆ ಅವಮಾನವಾಯಿತು. ಮಾಸ್ಕನ್ನು ಮೊಣಕೈಗೆ ಹಾಕಿಕೊಂಡು ಬರುತ್ತಿದ್ದ ಮುದುಕಿ ಈಗ ನನ್ನ ಜಾಗದಲ್ಲಿ! ಎರಡು ದಿನ ಬೇರೆ ಬಸ್ಸು ಹತ್ತಿದೆ. ಆ ಕಂಡಕ್ಟರ್ ಯಾರಿಗೂ ಏನೂ ಹೇಳುತ್ತಿರಲಿಲ್ಲ, ಅಲ್ಲಿ ಎಲ್ಲರ ಮೂಗೂ ಹೊರಗೇ ಇತ್ತು. ಮೂರನೇ ದಿನ ವಾಪಸ್ ಬಂದು ಹಿಂದಿನ ಸಾಲಿನಲ್ಲಿ ಕೂತೆ. ಅಜ್ಜಿ ಮುಂದೆ ನನ್ನ ಸೀಟಿನಲ್ಲಿ, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ಮೂಗು ಬಾಯಿ ಬಿಗಿದುಕೊಂಡು, ಅವನ ಬೆರಳಿನಿಂದ ಕಣ್ಣು ಕೀಳದೆ ಕೂತಿದ್ದಳು. ತನ್ನ ಸ್ಟಾಪಿನಲ್ಲಿ ಇಳಿಯುವುದನ್ನೂ ಬಿಟ್ಟು ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದಳಂತೆ. "ಅಜ್ಜೀ, ವ್ಯಾಪಾರ?" ಎಂದು ಯಾರೋ ಕೇಳಿದರೆ, "ಸೊಪ್ಪು ನಾಳೆನೂ ಬೆಳೆಯುತ್ತೆ, ಸುಮ್ನೆ ಕೂತ್ಕೋ" ಎಂದಳು.

ಹೊಸ ಲೆಕ್ಕದ ಆರನೇ ದಿನ ಬೆರಳು ಗಲ್ಲದವರೆಗೆ ಬಂತು. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. ಯಾರೂ ಕೂಗುವ ಮುಂಚೆ ಅದು ತಾನೇ ನಿಂತು, ಸ್ಪಂಜಿನ ಡಬ್ಬಿಗೆ ಇಳಿಯಿತು. ಏಳನೇ ದಿನವೂ ದಾಟಿತು.

ಎಂಟನೇ ದಿನ ಬೆಳಿಗ್ಗೆ ಅವನು ಯಾರಿಗೂ ಕೇಳುವ ಅವಕಾಶವನ್ನೇ ಕೊಡಲಿಲ್ಲ. ಬಸ್ಸಿನ ನಡುವೆ ನಿಂತು ಹೆಬ್ಬೆರಳು ಎತ್ತಿ ಹಿಡಿದ.

"ಎತ್ಕೊಂಡೆ! ಎತ್ಕೊಂಡ ಕೂಡ್ಲೇ ಏನ್ ಮಾಡಿದ್ಲು ಗೊತ್ತೇನ್ರಪ್ಪಾ? ಇದೇ ಬೆರಳು ಹಿಡ್ಕೊಂಡ್ಲು. ಏನು ಹಿಡಿತ ಅಂತೀರಿ! ನಾನು ಬಿಡಿಸ್ಕೊಳ್ಳೋಷ್ಟರಲ್ಲಿ ಸೀದಾ ಬಾಯಿಗೆ ಹಾಕ್ಕೊಂಡು ಚೀಪಿಬಿಟ್ಲು! ಸೋಪು ಹಾಕಿ ಮೂರು ಸಲ ತೊಳೆದಿದ್ದೆ. ಆದ್ರೂ ಹಾಗಲಕಾಯಿ ಕಹಿ ಉಳಿದಿತ್ತೇನೋ, ಮುಖ ಹಿಂಗೆ ಕಿವುಚಿದ್ಲು!"

ಅವನು ಮುಖ ಕಿವುಚಿ ತೋರಿಸಿದ. ಬಸ್ಸೆಲ್ಲ ನಕ್ಕಿತು, ಡ್ರೈವರ್ ಹಾರ್ನ್ ಹೊಡೆದ, ಅಜ್ಜಿ ಬುಟ್ಟಿ ಬಡಿದು ನಕ್ಕಳು. ನಾನು ನಗಲು ನೋಡಿದೆ, ಆಗಲಿಲ್ಲ. ಹೋದ ವಾರ ಅವನು ಸುಮ್ಮನೆ ಎತ್ತಿಕೊಂಡುಬಿಟ್ಟಿದ್ದರೆ? ನಾನು ಹೇಳಿದ ಮಾತು ನಂಬಿ ಆ ಹುಡುಗಿ ಮಗುವನ್ನು ಅವನ ಕೈಗಿಟ್ಟೇಬಿಟ್ಟಿದ್ದರೆ? ಏನೂ ಆಗದೆಯೂ ಇರಬಹುದಿತ್ತು. ಅದು ಯಾರಿಗೂ ಗೊತ್ತಾಗುವಂಥದ್ದಲ್ಲ, ಅದಕ್ಕೇ ನನಗೆ ಸಮಾಧಾನವಿಲ್ಲ.

ಅಷ್ಟರಲ್ಲಿ ಬ್ಯಾಗಿನಲ್ಲಿದ್ದ ಫೋನ್ ಬಡಿದುಕೊಂಡಿತು. ತೆಗೆದು ಕಿವಿಗಿಟ್ಟೆ.

"ಕೈ! ಮಾತ್ರೆ ಅಕ್ಕಾ, ಕೈ!" ಎಂದು ಅಜ್ಜಿ ಮುಂದಿನ ಸೀಟಿನಿಂದ ಕಿರುಚಿದಳು.

ಆಗಲೇ ನನಗೆ ಗೊತ್ತಾದದ್ದು. ನನ್ನ ಎಡಗೈ ಮಾಸ್ಕನ್ನು ಆಗಲೇ ಗಲ್ಲದವರೆಗೆ ಎಳೆದಾಗಿತ್ತು.