ಕೊತ್ತಂಬರಿ ಕೆಳಗಿನ ರೇಷ್ಮೆ

ರೇಷ್ಮೆಗೂಡಿನ ಊರಾದ ನಮ್ಮ ವಿಜಯಪುರದಿಂದ ದೇವನಹಳ್ಳಿ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ಏಳೂಕಾಲಿನ ಬಸ್ಸಿನಲ್ಲಿ ಯಾರೂ ಬರೆದಿಡದ ಒಂದು ಕಾಯಿದೆ ಇದೆ. ಸೀಟು ಸಿಕ್ಕವರು ನಿಂತವರ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಮೊದಲೇ ಇಳಿಯುವುದಾದರೆ ಪಕ್ಕದವರ ಮಡಿಲಿಗೆ ದಾಟಿಸಿ ಇಳಿಯಬೇಕು. ಈ ಕಾಯಿದೆಗೆ ಒಳಪಡದವರು ಒಬ್ಬರೇ, ಆದಿನಾರಾಯಣಪ್ಪ.

ಒಂದೇ ಒಲೆ, ಒಂದೇ ಚರಕ ಇಟ್ಟುಕೊಂಡು ಗೂಡಿನಿಂದ ನೂಲು ತೆಗೆಯುವ ಸಣ್ಣ ರೀಲರ್ ಅವರು. ವಾರಕ್ಕೊಮ್ಮೆ ರೇಷ್ಮೆ ನೂಲಿನ ಲಡಿಗಳನ್ನು ಚೀಲಕ್ಕೆ ತುಂಬಿ, ಮೇಲೆ ನಾಲ್ಕು ಕಟ್ಟು ಕೊತ್ತಂಬರಿ ಹರಡಿ, ಬೆಂಗಳೂರಿನ ಸಾಹುಕಾರರಿಗೆ ಒಯ್ಯುತ್ತಾರೆ. ಆ ಚೀಲ ಹೋದರೆ ಮರುದಿನ ಗೂಡು ಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ, ಒಲೆ ಆರಿದಂತೆಯೇ. ಹಾಗಾಗಿ ಬಸ್ಸಿನಲ್ಲಿ ಮರ್ಯಾದೆ ತೋರಿಸಿದವರನ್ನೆಲ್ಲ ಅವರು ಪರರ ತಕ್ಕಡಿಯ ಮುಳ್ಳನ್ನು ನೋಡುವಂತೆ ನೋಡುತ್ತಾರೆ. ಯಾರಾದರೂ ಎದ್ದು ಜಾಗ ಕೊಟ್ಟರೆ ಮೊದಲು ಸೀಟು ಒದ್ದೆಯಿದೆಯೇ ಎಂದು ಮುಟ್ಟಿ ನೋಡಿ, ಆಮೇಲೆ ಎದ್ದವರ ಮುಖ ನೋಡುತ್ತಾರೆ.

"ಸುಮ್‌ಸುಮ್ನೆ ಸೀಟ್ ಬಿಡೋನು ಮುಂದಿನ ಸ್ಟಾಪಲ್ಲಿ ಇಳಿಯೋನಾಗಿರ್ಬೇಕು, ಇಲ್ಲಾ ಜೇಬು ನೋಡಿರೋನಾಗಿರ್ಬೇಕು" ಎಂದು ನನಗೊಮ್ಮೆ ಪಾಠ ಹೇಳಿದ್ದರು. ವ್ಯಾಪಾರದವನಾದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಳೆದ ತಿಂಗಳು ಒಂದು ಗುರುವಾರ ಬಸ್ಸು ಕಿಕ್ಕಿರಿದಿತ್ತು. ಆದಿನಾರಾಯಣಪ್ಪ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ಹೆಂಗಸರ ಸೀಟಿನಿಂದ ಸೊಣ್ಣಮ್ಮ ಕೈ ಚಾಚಿದರು. ದೇವನಹಳ್ಳಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಮುದುಕಿ.

"ಕೊಡಣ್ಣ ಚೀಲಾನ, ಮಡ್ಲಲ್ಲಿ ಇಟ್ಕೊಂತೀನಿ."

"ಬ್ಯಾಡಮ್ಮ. ಬರೀ ಸೊಪ್ಪು."

"ಸೊಪ್ಪಾದ್ರೆ ನಂಗೂ ಭಾರ ಇಲ್ಲ, ಕೊಡು."

"ಬ್ಯಾಡ ಅಂದ್ನಲ್ಲ!"

"ಅಯ್ಯೋ, ನಿನ್ ಸೊಪ್ಪನ್ನ ನಾನೇನು ಮೇಯ್ದ್‌ಬಿಡ್ತೀನಾ?"

ಸುತ್ತಲಿನವರು ನಕ್ಕರು. ಆದಿನಾರಾಯಣಪ್ಪ ಚೀಲವನ್ನು ಇನ್ನಷ್ಟು ಬಿಗಿ ಹಿಡಿದರು.

ಬೆಳಗ್ಗೆ ಏನೂ ತಿಂದಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ದೇವನಹಳ್ಳಿ ಸ್ವಲ್ಪ ದೂರವಿರುವಾಗಲೇ ಕಣ್ಣು ಕತ್ತಲಿಟ್ಟು ಕುಸಿದರು. ಕಂಡಕ್ಟರ್ ದೇವರಾಜ್ ಹಿಡಿದು ನನ್ನ ಪಕ್ಕದ ಸೀಟಿಗೆ ಕೂರಿಸಿದ. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಬಿಸ್ಕತ್ತು. ಪೂರ್ತಿ ಎಚ್ಚರವಾಗುವಷ್ಟರಲ್ಲಿ ಬಸ್ಸು ದೇವನಹಳ್ಳಿ ದಾಟಿತ್ತು. ಕೈಯಲ್ಲಿ ಚೀಲವಿಲ್ಲ. ಎದುರು ಸೀಟಿನಲ್ಲಿ ಸೊಣ್ಣಮ್ಮನೂ ಇಲ್ಲ.

"ನಿಲ್ಸಪ್ಪಾ ಬಸ್ಸು! ಕಳ್ಳಿ! ಆ ಸೊಣ್ಣಮ್ಮ ನನ್ ಚೀಲ ಹೊಡ್ಕೊಂಡು ಹೋದ್ಳು!"

"ಏನ್ ಯಜಮಾನ್ರೇ, ನಾಲ್ಕು ಕಟ್ಟು ಕೊತ್ತಂಬ್ರಿಗೆ ಬಸ್ ನಿಲ್ಸ್‌ಬೇಕಾ?" ಎಂದ ದೇವರಾಜ್, ನಗದೆ.

ಏರ್‌ಪೋರ್ಟ್ ಕಡೆ ಕೆಲಸಕ್ಕೆ ಹೋಗುವ ರಮ್ಯಶ್ರೀ ಹಿಂದಿನ ಸೀಟಿನಿಂದ ಚೀಲ ಎತ್ತಿ ತೋರಿಸಿದಳು. "ಇಲ್ಲಿದೆ ಅಂಕಲ್. ಅಜ್ಜಿ ಇಳಿಯೋವಾಗ ನನ್ ಕೈಗೆ ಕೊಟ್ಟೋದ್ರು. ಒದ್ದೆಗೆ ನೂಲು ಕೆಡುತ್ತೆ ಅಂತ ಸೊಪ್ಪನ್ನ ಬೇರೆ ಕವರ್‌ಗೆ ಹಾಕಿದಾರೆ."

"ನೂಲು ಅಂತ ಅವ್ಳಿಗೆ ಯಾರು ಹೇಳಿದ್ದು?"

ಉತ್ತರ ಕೊಟ್ಟವನು ದೇವರಾಜ್. "ಬೇಯಿಸಿದ ಗೂಡಿನ ವಾಸ್ನೇನ ನಮ್ಮೂರೋರ್ಗೆ ಹೇಳ್ಕೊಡ್ಬೇಕಾ? ಆಯಮ್ಮ ಇಪ್ಪತ್ತು ವರ್ಷ ನೂಲು ತೆಗೆಯೋ ಬಿಸಿನೀರಲ್ಲೇ ಕೈ ಬೇಯಿಸ್ಕೊಂಡೋಳು. ನಾಕ್ ವರ್ಷದಿಂದ ಇಡೀ ಬಸ್ಸಿಗೆ ಗೊತ್ತು ಯಜಮಾನ್ರೇ."

ಆದಿನಾರಾಯಣಪ್ಪ ಎಲ್ಲರೆದುರೇ ಚೀಲ ಬಿಚ್ಚಿ ಲಡಿಗಳನ್ನು ತಡಕಿದರು. ಒಂದೂ ಕಡಿಮೆ ಇರಲಿಲ್ಲ. ಮತ್ತೊಮ್ಮೆ ತಡಕಿದರು. ಆಮೇಲೆ ನನ್ನ ಕಿವಿಯ ಬಳಿ ಬಗ್ಗಿ, "ನಾಕ್ ವರ್ಷದಿಂದ ಗೊತ್ತಿದ್ದೂ ಸುಮ್ನಿದಾರೆ ಅಂದ್ರೆ ಏನೋ ಇದೆ ಕಣ್ರೀ" ಎಂದರು.

ಕಳ್ಳಿ ಎಂಬ ಮಾತು ಅಂದು ಸಂಜೆಯೊಳಗೆ ಊರು ಸೇರಿತ್ತು. ಮರುವಾರ ಸೊಣ್ಣಮ್ಮ ನಿಂತವರ ಚೀಲಗಳನ್ನೆಲ್ಲ ಕೇಳಿ ಕೇಳಿ ಇಸಿದುಕೊಂಡರು. ಆದಿನಾರಾಯಣಪ್ಪನವರ ಕಡೆ ತಿರುಗಿಯೂ ನೋಡಲಿಲ್ಲ. ಅವರು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಚೀಲ ಹಿಡಿದು ತಿರುವು ತಿರುವಿಗೂ ತೂಗಾಡಿ, ಕಡೆಗೆ ತಾವೇ ಬಗ್ಗಿದರು.

"ಸೊಣ್ಣಮ್ಮ, ಇದನ್ನಷ್ಟು ಇಟ್ಕೊಂತೀಯೇನಮ್ಮ?"

"ಏನೈತೆ ಅದ್ರಲ್ಲಿ?"

"ರೇಷ್ಮೆ" ಎಂದು ಪಿಸುಗುಟ್ಟಿದರು.

"ಕೇಳ್ಸಲ್ಲ ನಂಗೆ. ಅವತ್ತು ನನ್ ಹೆಸ್ರು ಹಿಡ್ದು ಕೂಗಿದ್ಯಂತಲ್ಲ, ಹಂಗೆ ಕೂಗು."

ಆದಿನಾರಾಯಣಪ್ಪ ಹಿಂದೆ ಮುಂದೆ ನೋಡಿದರು. ಕಿಟಕಿಯಾಚೆಗೂ ನೋಡಿದರು.

"ರೇಷ್ಮೆ! ನಂದು ತಪ್ಪಾಯ್ತು!"

ಸೊಣ್ಣಮ್ಮ ಚೀಲ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಅದರ ಹಿಡಿಕೆ ಮಾತ್ರ ದೇವನಹಳ್ಳಿಯವರೆಗೂ ಆದಿನಾರಾಯಣಪ್ಪನವರ ಮುಷ್ಟಿಯಲ್ಲೇ ಇತ್ತು.