ರಟ್ಟಿಗೆ ಹಾಕಿದ ನೀರು

ನಮ್ಮ ಮನೆಯವರು ಮುಂಬಯಿಯಿಂದ ತಂದದ್ದು ಎರಡೇ: ಒಂದು ಕೆಮ್ಮು, ಇನ್ನೊಂದು ರಟ್ಟು ಮಾಡುವ ಹುಚ್ಚು. ಅಲ್ಲಿಯ ಪೆಟ್ಟಿಗೆ ಕಾರ್ಖಾನೆಯಲ್ಲಿ ಒಣ ರಟ್ಟು ಕತ್ತರಿಸುವ ಯಂತ್ರದ ಮುಂದೆ ಒಂಬತ್ತು ವರ್ಷ ನಿಂತವರು ಅವರು. ಆ ಧೂಳೆಲ್ಲ ಎದೆಯಲ್ಲಿ ಕೂತಿತ್ತು. ಮತ್ತೆ ಅಲ್ಲಿಗೆ ಹೋದರೆ ಜೀವ ಉಳಿಯುವುದು ಕಷ್ಟ ಎಂದು ಹೊನ್ನಾವರದ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಮನೆಯಲ್ಲೇ ರಟ್ಟು ಮಾಡಿ ಬದುಕಬೇಕು, ಅದಾಗದಿದ್ದರೆ ಅವರಿಗೆ ಗೊತ್ತಿದ್ದ ಅನ್ನದ ದಾರಿ ಮುಂಬಯಿಯದೇ. ಇದು ನಮ್ಮಿಬ್ಬರಿಗೂ ಚೆನ್ನಾಗಿ ತಿಳಿದಿತ್ತು. ಅರವತ್ತರ ದಶಕದ ಮೊದಲ ವರ್ಷಗಳವು.

ಮನೆ ಇದ್ದದ್ದು ಹೊನ್ನಾವರದ ಹೊರಗೆ, ಶರಾವತಿಯ ದಂಡೆಯಲ್ಲಿ. ಭತ್ತದ ಹುಲ್ಲನ್ನು ಕೊಚ್ಚಿ ಸುಣ್ಣದ ನೀರಲ್ಲಿ ಎಂಟು ದಿನ ಕೊಳೆಸುತ್ತಿದ್ದೆವು. ಆಮೇಲೆ ತೊಳೆದು, ಕುಟ್ಟಿ, ಬಲೆ ಬಿಗಿದ ಚೌಕಟ್ಟಿನ ಮೇಲೆ ಹರವಿ, ಚಿರೆಕಲ್ಲು ಹೇರಿ ನೀರಿಳಿಸಿ ಬಿಸಿಲಿಗೆ ಹಾಕುವುದು. ಎಲ್ಲ ಹಸಿ ಕೆಲಸ, ಧೂಳಿನ ಮಾತೇ ಇಲ್ಲ. ಮೊದಲ ಸಲದ ರಟ್ಟು ಹಪ್ಪಳದ ಹಾಗೆ ಮುರಿಯಿತು. ಸುಣ್ಣ ಉಳಿದರೆ ಹಾಗಾಗುತ್ತದೆಂದು ಅವರೇ ಕಂಡುಹಿಡಿದು, ಏಳು ನೀರಲ್ಲಿ ತೊಳೆಯಬೇಕೆಂದು ಕಾಯಿದೆ ಮಾಡಿದರು. ಮುಂದೆ ಎರಡು ತೆಳು ಹಾಳೆಗಳನ್ನು, ಒಂದರ ಎಳೆ ಉದ್ದಕ್ಕೆ ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ, ಹುಣಸೆಬೀಜದ ಅಂಟಿನಲ್ಲಿ ಕೂಡಿಸಿದರು. ಆ ರಟ್ಟಿನಿಂದ ಮಾಡಿದ ಪೆಟ್ಟಿಗೆಯ ಮೇಲೆ ಅವರು ಹತ್ತಿ ನಿಂತರೂ ಅದು ಜಗ್ಗಲಿಲ್ಲ. ನನ್ನನ್ನೂ ಹತ್ತು ಎಂದರು. ನಿಮಗಿಂತ ನಾನೇ ಭಾರ, ಪೆಟ್ಟಿಗೆಯ ಮರ್ಯಾದೆ ಉಳಿಯಲಿ ಎಂದೆ. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕುಮಟೆಯಲ್ಲಿ ಶ್ರೀಗಂಧದ ಕೆತ್ತನೆ ಸಾಮಾನು ಹೊರಗೆ ಕಳಿಸುವ ವ್ಯಾಪಾರಿಯೊಬ್ಬರಿದ್ದರು. ದೂರದಿಂದ ತರಿಸಿದ ಪೆಟ್ಟಿಗೆಗಳು ನಮ್ಮ ಕರಾವಳಿಯ ಮಳೆಗೆ ಮೆತ್ತಗಾಗಿ ಅವರಿಗೆ ಸಾಕುಸಾಕಾಗಿತ್ತು. ಇನ್ನೂರು ಪೆಟ್ಟಿಗೆ ಮಾಡಿಡಿ, ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ ಬಂದು ನೋಡುತ್ತೇನೆ, ನೆಟ್ಟಗಿದ್ದರೆ ಇನ್ನು ಮುಂದೆ ನಿಮ್ಮಿಂದಲೇ ಕೊಳ್ಳುತ್ತೇನೆ ಎಂದರು.

ತೊಳೆಯುವ ಕೆಲಸ ನನ್ನದು. ಏಳು ನೀರಿನ ಕಾಯಿದೆ ಮಾಡಿದವರಿಗೆ ಬಾವಿ ಗುಡ್ಡದ ಮೇಲಿದೆ ಎಂಬುದು ನೆನಪಿರಲಿಲ್ಲ ಎಂದು ನಾನು ಬೈದುಕೊಳ್ಳುತ್ತಿದ್ದೆ. ಬೇಸಿಗೆ ಏರಿದಂತೆ ಬಾವಿಯ ನೀರು ತಳಕ್ಕಿಳಿಯಿತು, ನನ್ನ ಸೊಂಟವೂ ಇಳಿಯಿತು. ಹಿತ್ತಿಲಾಚೆ ನೆರೆಮನೆಯಾಕೆ ತೆಂಗಿನ ಸಿಪ್ಪೆಯನ್ನು ಹೊಳೆಯ ಉಪ್ಪುನೀರಲ್ಲಿ ಹುಗಿದು ಕೊಳೆಸಿ ಹಗ್ಗ ಹೊಸೆಯುತ್ತಿದ್ದಳು. ಉಪ್ಪುನೀರು ಕುಡಿದ ನಾರೇ ಗಟ್ಟಿ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹಗ್ಗಕ್ಕೆ ಒಳ್ಳೆಯದಾದದ್ದು ಹುಲ್ಲಿಗೆ ಯಾಕೆ ಕೆಟ್ಟದ್ದು? ಶಿವರಾತ್ರಿ ಕಳೆದ ಮೇಲೆ ಹೊಳೆ ಉಪ್ಪಾಗುತ್ತದೆ, ಉಬ್ಬರದ ಹೊತ್ತಿಗೆ ನೀರು ಹಿತ್ತಿಲ ಬುಡಕ್ಕೇ ಬರುತ್ತದೆ. ನಾನು ಕೊಡ ಅದ್ದಿದೆ. ಅವರಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಅನ್ನಿಸಿತ್ತು.

ಚೈತ್ರದ ಬಿಸಿಲಿಗೆ ಒಣಗಿದ ಆ ರಟ್ಟು ಗಂಜಿ ಹಾಕಿದ ಧೋತರದ ಹಾಗೆ ಗಡುಸಾಯಿತು. ಮೊದಲಿಗಿಂತ ಗಟ್ಟಿ ಬಂದಿದೆ, ಎರಡು ದಿನದ ತೊಳೆತ ಅರ್ಧ ದಿನಕ್ಕೆ ಮುಗಿಯುತ್ತಿದೆ, ನಿನ್ನ ಕೈ ಪಳಗಿತು ಎಂದು ಅವರು ಹಿಗ್ಗಿದರು. ನಾನೂ ಬೀಗಿದೆ.

ಮಳೆ ಬಂದ ಐದನೆಯ ದಿನ ಪೆಟ್ಟಿಗೆಗಳು ಬೆವರತೊಡಗಿದವು. ಅಟ್ಟದಲ್ಲಿ ಒಂದು ಹನಿ ಸೋರಿರಲಿಲ್ಲ, ಆದರೂ ಮುಟ್ಟಿದರೆ ಕೈ ಒದ್ದೆ. ಹತ್ತನೆಯ ದಿನ ಕೆಳಗಿನ ಸಾಲು ಕುಸಿಯಿತು, ಅದರ ಮೇಲೆ ಮೇಲಿನದು. ಅವರು ಕೆಳಗೆ ದೀಪ ತರಲು ಇಳಿದಾಗ ನಾನು ಒಂದು ಚೂರು ಹರಿದು ನಾಲಗೆಗೆ ತಾಗಿಸಿದೆ. ಉಪ್ಪು.

ಅವರು ಹತ್ತಿ ಬಂದು ಆ ರಾಶಿಯನ್ನು ಬಹಳ ಹೊತ್ತು ನೋಡಿದರು. ಸುಣ್ಣ, ಅಂಟು, ಬಿಸಿಲು ಎಂದು ಒಂದೊಂದನ್ನೇ ತಮ್ಮಷ್ಟಕ್ಕೆ ಎಣಿಸಿದರು. ಕಡೆಗೆ ನನ್ನ ಕಡೆ ತಿರುಗಿದರು.

“ನೀರು ಎಂತದು ಹಾಕಿದ್ದೆ?”

“ಬಾವೀದೇ,” ಅಂದೆ.

ಹೆದರಿ ಅಂದದ್ದು. ಅವರು ಬೈಯುವ ಗಂಡಸಲ್ಲ, ಹಾಗಿದ್ದೂ ಹೆದರಿದೆ. ಒಂದು ಗಂಟೆ ಕಳೆದು ನಿಜ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು, ಹಾಗಾದರೆ ನಮ್ಮ ಹವೆಯದೇ ದೋಷ, ಸಮುದ್ರದ ಗಾಳಿಯಲ್ಲಿ ಹುಲ್ಲಿನ ರಟ್ಟು ನಿಲ್ಲುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದರು. ಕುಮಟೆಯವರು ಬಂದು, ನೋಡಿ, ಒಂದು ಮಾತೂ ಕೆಟ್ಟದಾಗಿ ಆಡದೆ ಹೋದರು. ಶ್ರಾವಣದಲ್ಲಿ ಹಳೆಯ ಕಾರ್ಖಾನೆಗೆ ಕಾಗದ ಹೋಯಿತು, ಗಣೇಶ ಚೌತಿ ಮುಗಿದ ಮೇಲೆ ಅವರೂ ಹೋದರು. ಹೋಗಬೇಡಿ ಎಂದು ನಾನು ಅತ್ತುಬಿಟ್ಟೆ. ಅಳುವುದು ಸುಲಭವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ನಾನೊಬ್ಬಳೇ, ಬಾವಿಯಿಂದಲೇ ಹೊತ್ತು, ಏಳು ನೀರಲ್ಲಿ ತೊಳೆದು ಒಂದು ಪೆಟ್ಟಿಗೆಗಾಗುವಷ್ಟು ರಟ್ಟು ಮಾಡಿದೆ. ಆ ಪೆಟ್ಟಿಗೆಯನ್ನು ಇಡೀ ಮಳೆಗಾಲ ಜಗಲಿಯ ಮೇಲಿಟ್ಟೆ. ಅದರ ಮೂಲೆ ಕೂಡ ಬಗ್ಗಲಿಲ್ಲ. ದೀಪಾವಳಿಗೆ ಬರುತ್ತೇನೆಂದು ಅವರ ಕಾಗದ ಬಂದ ದಿನ ಅದನ್ನು ತುಳಿದು, ಹರಿದು, ಬಚ್ಚಲ ಒಲೆಗೆ ಹಾಕಿದೆ. ಹರಿಯುವುದಕ್ಕೇ ಅರ್ಧ ಬೆಳಗು ಬೇಕಾಯಿತು.

ಬಂದಾಗ ಅವರ ಅಂಗಿಯೊಳಗೆ ಎಲುಬಷ್ಟೇ ಇತ್ತು. ಅದೇ ವಾರ ಮಂಕಿಯ ಒಬ್ಬ ರೈತ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಬಂದು, ತನ್ನ ಮನೆಯಲ್ಲಿ ಹುಲ್ಲು ಬೇಕಾದಷ್ಟಿದೆ, ರಟ್ಟು ಮಾಡುವುದನ್ನು ಕಲಿಸಿಕೊಡಿ ಎಂದ. ಇವರು ಕೆಮ್ಮುತ್ತ ಕೆಮ್ಮುತ್ತ ಅವನಿಗೆ ಬುದ್ಧಿ ಹೇಳಿದರು: ಬೇಡ, ನಮ್ಮ ಹವೆಗೆ ಅದು ಆಗುವುದಲ್ಲ, ನಾನು ಮಾಡಿ ನೋಡಿದವನು. ನಾನು ಚಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ನಂಬಿ ಎದ್ದು ಹೋದ.

ಮರುದಿನ ಅವರು ಮುಂಬಯಿಗೆ ಹೊರಟರು. ಬಸ್ಸಿಗೆ ಕಾಯುವಾಗ ನನ್ನ ಕೈಯನ್ನು ತಿರುಗಿಸಿ ಅಂಗೈ ನೋಡಿದರು. ನಾನೊಬ್ಬಳೇ ನೀರು ಸೇದಿದ ಬೇಸಿಗೆಯ ಹಗ್ಗದ ಗೆರೆ ಅಲ್ಲಿ ಇನ್ನೂ ಮಾಸಿರಲಿಲ್ಲ. ಅವರು ಅದನ್ನು ಹಳೆಯದೆಂದು ತಿಳಿದರು.

“ಪಾಪ, ನೀ ಅಷ್ಟು ನೀರು ಹೊತ್ತದ್ದು ಸುಮ್ಮನೆ ದಂಡ ಆತು,” ಅಂದರು.

ಬಸ್ಸು ಬರುವವರೆಗೆ ಇನ್ನೂ ಸಮಯವಿತ್ತು. ನಾನು ಹೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ.