ಚೀಟಿಯಲ್ಲಿ ಇಲ್ಲದ ಪಾಪು

ಕೆಳಗಿನ ಮನೆಯಲ್ಲಿ ಬಾಣಂತಿ ಇದ್ದಾಳೆ. ಬೆಳಿಗ್ಗೆ ಹತ್ತಕ್ಕೆಲ್ಲ ಸಾಂಬ್ರಾಣಿ ಹೊಗೆ ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೆ ಬರುತ್ತದೆ. ಮೊನ್ನೆ ಆ ವಾಸನೆಗೆ ನನ್ನ ಕೈ ತಾನಾಗಿ ಸೊಂಟದ ಮೇಲೆ ಹೋಯಿತು. ಯಲಹಂಕದ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರಮ್ಮ ನೆನಪಾದರು.

೨೦೧೩ರ ಮಾತು. ನಾವು ಬೆಂಗಳೂರಿನಲ್ಲೇ, ಯಲಹಂಕದ ಹತ್ತಿರದ ಸಿಂಗಾಪುರ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಮಗಳಿಗೆ ನಾಲ್ಕು ತಿಂಗಳು. ಹೆರಿಗೆಯಾದಾಗಿನಿಂದ ನನಗೆ ಸೊಂಟದ ಕೆಳಗೆ ಎರಡೂ ಪಕ್ಕ ನೋವು. ಮಲಗಿದಲ್ಲಿ ಮಗ್ಗುಲು ಬದಲಿಸಬೇಕೆಂದರೂ ವಿಜಯಪುರದಿಂದ ಬಾಣಂತನಕ್ಕೆ ಬಂದಿದ್ದ ಅವ್ವ ಕೈಕೊಡಬೇಕಿತ್ತು. ಮೂಳೆ ಡಾಕ್ಟರು ಒತ್ತಿ ನೋಡಿ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲುಗಳಲ್ಲಿ ಉರಿಯೂತ ಇರಬಹುದು, ಎಂಆರ್‌ಐ ಮಾಡಿಸಿ ಎಂದರು. ಅದು ಕಂಡರೆ ಜೀವನಪೂರ್ತಿ ಇರುವ ಕಾಯಿಲೆಯಂತೆ. ಇಂಜೆಕ್ಷನ್ ಶುರು ಮಾಡಬೇಕಂತೆ, ಮಗುವಿಗೆ ಹಾಲು ಬಿಡಿಸಬೇಕಾಗಬಹುದಂತೆ. ಹಾಲು ಬಿಡಿಸುವ ಮಾತಿನ ನಂತರ ಅವರು ಏನೆಂದರೋ ನನ್ನ ಕಿವಿಗೆ ಬೀಳಲಿಲ್ಲ.

ತಾಳಿ, ಕಾಲುಂಗುರ ಬಿಚ್ಚಿ ಅವ್ವನ ಕೈಗಿಟ್ಟು ಆ ಕೊಳವೆಯೊಳಗೆ ಮಲಗಿದೆ. ಎಷ್ಟು ಹೊತ್ತೋ... ಕಿವಿಯ ಪಕ್ಕ ಡಬಡಬ ಬಡಿಯುವ ಸದ್ದು. ಹೊರಗೆ ಬಂದರೆ ಮಗಳು ಹಸಿದು ಸೂರು ಹಾರಿಹೋಗುವಂತೆ ಅಳುತ್ತಿದ್ದಳು. ಆಗಲೇ ಎದುರಿನ ಕತ್ತಲ ಕೋಣೆಯ ಬಾಗಿಲು ತೆರೆದು, ನರೆತ ಕೂದಲಿನ ಗಿಡ್ಡ ಹೆಂಗಸೊಬ್ಬರು ಬಂದರು. ಸ್ಕ್ಯಾನಿನ ಚಿತ್ರ ಓದಿ ರಿಪೋರ್ಟ್ ಬರೆಯುವ ಡಾಕ್ಟರು ಅವರೇ.

"ಬೈತಾಳ ನೋಡವಾ, ಕೂಸಿನ್ನ ಹೊರಗ ಕರಕೊಂಡ ಹೋಗ್ತೀನಿ," ಎಂದು ಅವ್ವ ಎದ್ದಳು.

ಅವರು ಬೈಯಲಿಲ್ಲ. "ಈ ಪಾಪು ಯಾರ್ದು? ನಿಮ್ದೇನಾ? ಎಷ್ಟು ತಿಂಗ್ಳು?" ಎಂದು ನನ್ನನ್ನು ಕೇಳಿದರು. ನಾಲ್ಕು ಎಂದೆ. ಕೈಯಲ್ಲಿದ್ದ ಡಾಕ್ಟರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇದ್ರಲ್ಲಿ ಸೊಂಟನೋವು, ವಯಸ್ಸು ಇಪ್ಪತ್ತೆಂಟು, ಅಷ್ಟೇ ಬರ್ದಿರೋದು ಕಣ್ರೀ. ಹೆರಿಗೆ ಮಾತೇ ಇಲ್ಲ. ಮೊದ್ಲು ಹಾಲು ಕೊಡಿ, ಆಮೇಲೆ ಒಳಗ್ ಬನ್ನಿ."

ಒಳಗೆ ಪರದೆಯ ಮೇಲೆ ನನ್ನದೇ ಮೂಳೆಗಳು. ಕೀಲಿನ ಪಕ್ಕದಲ್ಲಿ ಎರಡೂ ಕಡೆ ಬೆಳ್ಳಗೆ ಏನೋ ಹರಡಿತ್ತು.

"ಬಿಳಿ ಇದೆ, ಸುಳ್ಳು ಹೇಳಲ್ಲ. ಆ ಕಾಯಿಲೇಲೂ ಹಿಂಗೇ ಕಾಣುತ್ತೆ. ಆದ್ರೆ ಹೆತ್ತ ಹೊಸದ್ರಲ್ಲಿ ಏನೂ ಕಾಯಿಲೆ ಇಲ್ದಿರೋ ಹೆಂಗಸ್ರಿಗೂ ಕಾಣುತ್ತೆ. ಅಷ್ಟು ಭಾರ ಹೊತ್ತಿರೋ ಮೂಳೆ ಅಲ್ವಾ?" ಎಂದು ಮೂಳೆಯ ಅಂಚಿನುದ್ದಕ್ಕೂ ಬೆರಳಾಡಿಸಿದರು. "ಆ ಕಾಯಿಲೆ ಆಗಿದ್ರೆ ಸಾಮಾನ್ಯವಾಗಿ ಮೂಳೆ ಅಂಚು ಕೊರೆದಂಗಿರುತ್ತೆ. ಇಲ್ಲೆಲ್ಲೂ ಹಂಗಿಲ್ಲ, ನೋಡಿ."

ಬಸಿರಿಗೆ ಮುಂಚೆ ನೋವಿತ್ತೇ, ಬೆಳಿಗ್ಗೆ ಏಳುವಾಗ ಬಹಳ ಹೊತ್ತು ಸೆಟೆದುಕೊಂಡಿರುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ... ಒಂದೊಂದನ್ನೂ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಆಮೇಲೆ ನನ್ನೆದುರೇ ಮೂಳೆ ಡಾಕ್ಟರಿಗೆ ಫೋನ್ ಮಾಡಿದರು.

"ಸರ್, ಬರೀ ಚಿತ್ರ ನೋಡಿದ್ರೆ ಕಾಯಿಲೆ ಅಂತಾನೇ ಬರೀತಿದ್ದೆ. ಪಾಪು ಅಳ್ತು, ನಾನು ಬಚಾವಾದೆ."

ನಾನು ಬೆರಗಾಗಿ ಕೂತೆ. ದಿನವಿಡೀ ಆ ಚಿತ್ರಗಳನ್ನೇ ಓದುವ ಹಿರಿಯ ಡಾಕ್ಟರು, ತಾನು ತಪ್ಪು ಬರೆಯಲಿದ್ದೆ ಎನ್ನುವುದನ್ನು ರೋಗಿಯ ಎದುರೇ, ನಗುತ್ತಾ ಹೇಳುತ್ತಿದ್ದರು. ಮೂಳೆ ಡಾಕ್ಟರು ಕಾದು ನೋಡಲು ಒಪ್ಪಿದರು, ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟರು. ಹಾಲು ಬಿಡಿಸುವುದು ತಪ್ಪಿತು. ಆಟೋದಲ್ಲಿ ಅವ್ವ ಮೊಮ್ಮಗಳ ಹಣೆ ಸವರಿ, "ನೀ ಅತ್ತದ್ದ ಚಲೋ ಆತು," ಎಂದಳು.

"ಆರ್ ತಿಂಗ್ಳಿಗೆ ಇನ್ನೊಂದ್ಸಲ ನೋಡೋಣ, ತಪ್ಪಿಸ್ಬೇಡಿ," ಎಂದಿದ್ದರು ಡಾಕ್ಟರಮ್ಮ. ಅಷ್ಟರೊಳಗೆ ನೋವು ಹೋಗಿತ್ತು. ಇವತ್ತು ನಾಳೆ ಎನ್ನುತ್ತಾ ನಾನು ಹೋದದ್ದು ಒಂಬತ್ತು ತಿಂಗಳಾದ ಮೇಲೆ. ಕತ್ತಲ ಕೋಣೆಯಲ್ಲಿ ಬೇರೆ ಯಾರೋ ಯುವ ಡಾಕ್ಟರಿದ್ದರು.

"ಮೇಡಂ ತೀರ್ಕೊಂಡ್ರು ಅಕ್ಕಾ, ಹೋದ್ ತಿಂಗ್ಳು," ಎಂದಳು ರಿಸೆಪ್ಷನ್ ಹುಡುಗಿ. "ಎರಡ್ ಸಲ ಕೇಳಿದ್ರು, ಆ ಸಿಂಗಾಪುರದ ಪಾಪು ಅಮ್ಮ ಬಂದ್ರಾ ಅಂತ."

ಹೊಸ ರಿಪೋರ್ಟಿನಲ್ಲಿ, ಹಿಂದೆ ಕಂಡಿದ್ದ ಬಿಳಿ ಈಗ ಕಾಣುತ್ತಿಲ್ಲ ಎಂದಿತ್ತು.

ಮಗಳೀಗ ಒಂದನೇ ಕ್ಲಾಸು. ನಾನು ನೀರಿನ ಕ್ಯಾನ್ ಎತ್ತುತ್ತೇನೆ, ಬಸ್ಸಿನಲ್ಲಿ ನಿಂತೇ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ನೋವು ಹೋಯಿತು ಮೇಡಂ ಎಂಬ ಒಂದು ಮಾತು ಅವರಿಗೆ ಹೇಳಲೇ ಇಲ್ಲ.